ಬ್ಯಾಟರಿ ಇಲ್ಲದ ಸೋಲಾರ್: ರಾತ್ರಿಯ ಹೊಣೆ ಯಾರದು?

ತಾರಸಿಯ ಮೇಲೆ ಸೋಲಾರ್ ಹಾಕಿಸಿಕೊಂಡ ಅನೇಕರಿಗೆ ಮೊದಲ ಅಚ್ಚರಿ ಕಾದಿರುವುದು ಬಿಲ್ಲಿನಲ್ಲಲ್ಲ, ಮೊದಲ ಸಲ ಕರೆಂಟ್ ಹೋದಾಗ. ಮಟಮಟ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮಾಳಿಗೆಯ ಮೇಲೆ ಎರಡು ಲಕ್ಷ ರೂಪಾಯಿಯ ಪ್ಯಾನೆಲ್‌ಗಳು ಫಳಫಳಿಸುತ್ತಿರುತ್ತವೆ, ಕೆಳಗೆ ಮಾತ್ರ ಫ್ಯಾನ್ ನಿಂತಿರುತ್ತದೆ. ಯಂತ್ರ ಕೆಟ್ಟಿತೆಂದು ಕಂಪನಿಗೆ ಫೋನ್ ಹೋಗುತ್ತದೆ. ಅತ್ತಲಿಂದ ಬರುವ ಉತ್ತರ ಒಂದೇ: ‘ಇದು ಆನ್‌ಗ್ರಿಡ್ ಸರ್, ಲೈನ್ ಇಲ್ಲದಿದ್ದರೆ ಇದೂ ಇಲ್ಲ.’

ಉತ್ತರ ಸರಿಯಾಗಿಯೇ ಇದೆ. ಬ್ಯಾಟರಿ ಇಲ್ಲದೆ ವಿದ್ಯುತ್ ಕಂಪನಿಯ ಲೈನಿಗೆ ಜೋಡಿಸಿದ ಸೋಲಾರ್ ಹೀಗೇ ನಡೆದುಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. ತೊಂದರೆ ಇರುವುದು ಈ ಮಾತು ಹಣ ಕೊಟ್ಟ ಮೇಲೆ ಕಿವಿಗೆ ಬೀಳುವುದರಲ್ಲಿ. ಬಿಲ್ ಇಳಿಸುವುದು ಒಂದು ಕೆಲಸ, ಕತ್ತಲಲ್ಲಿ ದೀಪ ಉರಿಸುವುದು ಮತ್ತೊಂದು ಕೆಲಸ. ಬ್ಯಾಟರಿರಹಿತ ಸೋಲಾರ್ ಮೊದಲನೆಯದನ್ನು ಬಹಳ ಚೆನ್ನಾಗಿ ಮಾಡುತ್ತದೆ, ಎರಡನೆಯದನ್ನು ಮಾಡುವುದೇ ಇಲ್ಲ. ಹಾಗಾದರೆ ಸೂರ್ಯ ಮುಳುಗಿದ ಮೇಲೆ ಆ ಮನೆಯನ್ನು ನಡೆಸುವವರು ಯಾರು? ಅವರು ಅದನ್ನು ಎಷ್ಟು ಕಾಲ, ಯಾವ ದರಕ್ಕೆ ಮಾಡಿಕೊಡುತ್ತಾರೆ? ಬ್ಯಾಟರಿ ಬೇಕೋ ಬೇಡವೋ ಎಂಬ ಚರ್ಚೆಯ ಒಳಗಿರುವ ಪ್ರಶ್ನೆ ಇದು. ಕರ್ನಾಟಕದ ಮನೆಗಳನ್ನು ಎದುರಿಗಿಟ್ಟುಕೊಂಡು ಅದನ್ನು ಒಮ್ಮೆ ಪೂರ್ತಿಯಾಗಿ ನೋಡಬಹುದು.

ಬ್ಯಾಟರಿಯಿಂದಲೇ ಶುರುವಾದದ್ದು

ಕರ್ನಾಟಕದಲ್ಲಿ ಮನೆ ಸೋಲಾರ್ ಎಂದರೆ ಬಹುಕಾಲ ಬ್ಯಾಟರಿ ಸೋಲಾರ್ ಎಂದೇ ಅರ್ಥ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಕಟ್ಟಿದಾಗ ಅವರ ಕಣ್ಣ ಮುಂದಿದ್ದದ್ದು ಕಂಬವೇ ಬಾರದ, ಬಂದರೂ ಕರೆಂಟ್ ನಿಲ್ಲದ ಹಳ್ಳಿಮನೆಗಳು. ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ. ಕಂತಿನ ಸಾಲ ಕೊಟ್ಟದ್ದು ಗ್ರಾಮೀಣ ಬ್ಯಾಂಕುಗಳು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಸೋಲಾರ್ ಸಾಲಕ್ಕೆ ಕೈಹಾಕಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ದಾರಿಯಲ್ಲಿ ನಡೆದುದಕ್ಕೆ.

ಆ ಮನೆಗಳಲ್ಲಿ ಪ್ಯಾನೆಲ್ಲಿಗಿಂತ ಬ್ಯಾಟರಿಯೇ ಮುಖ್ಯ. ದೀಪ ಬೇಕಾದದ್ದು ರಾತ್ರಿಗೆ. ಆದರೆ ಇಡೀ ವ್ಯವಸ್ಥೆಯಲ್ಲಿ ಬೇಗ ಸಾಯುವ ಭಾಗವೂ ಅದೇ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳಿದರೆ ಸೀಸದ ಬ್ಯಾಟರಿ ಬಾಳುವುದು ನಾಲ್ಕೈದು ವರ್ಷ, ಅದೂ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆಯದಿದ್ದರೆ. ಊರ ಬೀದಿಯ ಸೋಲಾರ್ ಕಂಬಗಳಲ್ಲಿ ಪ್ಯಾನೆಲ್ ಹಾಗೇ ಉಳಿದು ದೀಪ ಮಾತ್ರ ಉರಿಯದಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಿಕ್ಕು ಬದಲಾದದ್ದು 2013ರಲ್ಲಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಸಬ್ಸಿಡಿ ಪಡೆಯದ ತಾರಸಿ ಸೋಲಾರ್‌ನ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ನಿಗದಿ ಮಾಡಿತು. ಮರುವರ್ಷದ ಕೊನೆಗೆ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ, ಲೈನಿಗೆ ಕೊಟ್ಟ ಯೂನಿಟ್ಟನ್ನು ಲೈನಿನಿಂದ ಪಡೆದ ಯೂನಿಟ್ಟಿನಲ್ಲಿ ಕಳೆದು ಬಿಲ್ ಮಾಡುವ ನೆಟ್ ಮೀಟರಿಂಗ್ ಶುರುಮಾಡಿತು. ಮನೆಯವರು ಕೊಳ್ಳುವ ದರಕ್ಕಿಂತ ಮಾರುವ ದರವೇ ಮೇಲಾಗಿದ್ದ ಕಾಲ ಅದು. ಅದೇ ಹೊತ್ತಿಗೆ ಬಂದ ‘ಸೂರ್ಯ ರೈತ’ ಯೋಜನೆ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ರೈತರ ಪಂಪ್‌ಸೆಟ್ಟುಗಳಿಗೂ ಪ್ಯಾನೆಲ್ ಜೋಡಿಸಿ, ಹೆಚ್ಚಿದ ಕರೆಂಟನ್ನು ಲೈನಿಗೆ ಮಾರುವ ಪ್ರಯೋಗ ಮಾಡಿತು. ಎರಡರಲ್ಲೂ ಬ್ಯಾಟರಿ ಇರಲಿಲ್ಲ. 2016ರಲ್ಲಿ ಸಣ್ಣ ಮನೆಗಳ ದರ 7 ರೂಪಾಯಿ 8 ಪೈಸೆಗೆ ಇಳಿಯಿತು, ಮುಂದೆ ಇನ್ನೂ ಇಳಿದು ಗ್ರಾಹಕ ಕೊಳ್ಳುವ ದರಕ್ಕಿಂತ ಕೆಳಗೆ ಬಂತು. ಮೊದಲು ಒಪ್ಪಂದ ಮಾಡಿಕೊಂಡವರಿಗೆ ಇಪ್ಪತ್ತೈದು ವರ್ಷ ಹಳೆಯ ದರ, ಆಮೇಲೆ ಬಂದವರಿಗೆ ಹೊಸ ದರ. ಅಕ್ಕಪಕ್ಕದ ಎರಡು ತಾರಸಿಗಳ ಮೇಲೆ ಬೀಳುವುದು ಒಂದೇ ಬಿಸಿಲಾದರೂ ಹುಟ್ಟುವ ಯೂನಿಟ್ಟಿನ ಬೆಲೆ ಬೇರೆ ಬೇರೆ.

ತಾರಸಿಯಿಂದ ಕಂಬದವರೆಗೆ

ವ್ಯವಸ್ಥೆ ತೀರಾ ಸರಳ. ಈಗ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 540–550 ವ್ಯಾಟ್‌ನ ಪ್ಯಾನೆಲ್. ಆರು ಪ್ಯಾನೆಲ್ ಸೇರಿದರೆ ಮೂರು ಕಿಲೋವ್ಯಾಟ್‌ಗಿಂತ ತುಸು ಹೆಚ್ಚು. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಪ್ಯಾನೆಲ್ ಕೊಡುವುದು ಡಿಸಿ ವಿದ್ಯುತ್. ಇನ್ವರ್ಟರ್ ಅದನ್ನು ಎಸಿಗೆ ತಿರುಗಿಸಿ, ಲೈನಿನ 230 ವೋಲ್ಟ್ ಮತ್ತು 50 ಹರ್ಟ್ಸ್‌ಗೆ ತಾಳ ಹೊಂದಿಸಿ ಮನೆಯ ಬೋರ್ಡಿಗೆ ಕೊಡುತ್ತದೆ. ಮೊದಲು ಮನೆಯೊಳಗಿನ ಫ್ರಿಜ್, ಮೋಟಾರ್, ಮಿಕ್ಸಿ ಅದನ್ನು ಬಳಸುತ್ತವೆ. ಮಿಕ್ಕಿದ್ದು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಅದು ದೂರದ ಯಾವುದೋ ಕಾರ್ಖಾನೆಗೆ ಹೋಗುವುದಿಲ್ಲ, ಬಹುಪಾಲು ಪಕ್ಕದ ಮನೆಯಲ್ಲೇ ಖರ್ಚಾಗುತ್ತದೆ. ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆಯಾಗಿ ಬರೆದಿಡುವುದು ದ್ವಿಮುಖ ಮೀಟರ್.

ಮೂರು ಕಿಲೋವ್ಯಾಟ್‌ನ ವ್ಯವಸ್ಥೆ ನಮ್ಮ ಬಯಲುಸೀಮೆಯಲ್ಲಿ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್, ತಿಂಗಳಿಗೆ ಸುಮಾರು 360 ಯೂನಿಟ್ ಕೊಡುತ್ತದೆ. ತಿಂಗಳಿಗೆ 350 ಯೂನಿಟ್ ಬಳಸುವ ಮನೆಯನ್ನು ಊಹಿಸಿಕೊಳ್ಳಿ. ಹಗಲಿನ ಬಳಕೆ 130 ಎಂದಿಟ್ಟುಕೊಂಡರೆ 230 ಯೂನಿಟ್ ಹೊರಗೆ ಹೋಗುತ್ತದೆ, ರಾತ್ರಿ ಮತ್ತು ಮುಂಜಾನೆಗೆ 220 ಯೂನಿಟ್ ಒಳಗೆ ಬರುತ್ತದೆ. ಬಿಲ್ಲಿನಲ್ಲಿ ಎರಡರ ವ್ಯತ್ಯಾಸವಾದ ಹತ್ತು ಯೂನಿಟ್ ಮನೆಯ ಪರವಾಗಿ ನಿಲ್ಲುತ್ತದೆ. ಅಂದರೆ ಈ ಮನೆ ತನ್ನ ಬಳಕೆಯ ಮೂರರಲ್ಲಿ ಎರಡು ಪಾಲನ್ನು ಲೈನಿಗೆ ಕೊಟ್ಟು ಲೈನಿನಿಂದಲೇ ಹಿಂದಕ್ಕೆ ಪಡೆಯುತ್ತಿದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಸಂಜೆ ಅಲ್ಲಿಂದಲೇ ಕೊಂಡುಕೊಳ್ಳುವ ಮನೆಯ ಹಾಗೆ. ಹಾಕಿದ್ದೂ ಕೊಂಡದ್ದೂ ಸರಿಹೋದರೆ ಲೆಕ್ಕ ಚುಕ್ತಾ. ಆದರೆ ದರ ಗೊತ್ತುಮಾಡುವುದು ಡೇರಿ, ಕ್ಯಾನ್ ಹಿಡಿದು ಬಂದವರಲ್ಲ.

ಕರೆಂಟ್ ಹೋದರೆ ಸೋಲಾರ್ ಏಕೆ ಹೋಗಬೇಕು?

ಕಾರಣ ಎರಡು. ಮೊದಲನೆಯದು ಲೈನ್‌ಮನ್‌ನ ಜೀವ. ಟಿಸಿಯ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್‌ನ, ಫ್ಯೂಸ್ ತೆಗೆದು, ಲೈನ್ ಸತ್ತಿದೆ ಎಂದುಕೊಂಡು ಕಂಬ ಹತ್ತಿದವನಿಗೆ ಯಾವುದೋ ತಾರಸಿಯಿಂದ ಹಿಮ್ಮುಖವಾಗಿ ಬಂದ ಕರೆಂಟ್ ತಗುಲಬಾರದು. ಲೈನ್ ಸತ್ತ ಕೂಡಲೇ ಇನ್ವರ್ಟರ್ ತನ್ನನ್ನು ಬೇರ್ಪಡಿಸಿಕೊಳ್ಳಬೇಕೆಂಬ ನಿಯಮ ಇರುವುದು ಇದಕ್ಕೆ.

ಎರಡನೆಯದು ತಾಂತ್ರಿಕ. ಆನ್‌ಗ್ರಿಡ್ ಇನ್ವರ್ಟರ್‌ಗೆ ಸ್ವಂತ ತಾಳವಿಲ್ಲ. ಲೈನಿನ ವೋಲ್ಟೇಜನ್ನೂ ಆವರ್ತನವನ್ನೂ ನೋಡಿ ಅದು ಹೆಜ್ಜೆ ಹಾಕುತ್ತದೆ. ಲೈನ್ ಇಲ್ಲದಾಗ ಒಂದು ಮೋಡ ಸರಿದರೆ ಉತ್ಪಾದನೆ ಅರ್ಧಕ್ಕೆ ಬೀಳುತ್ತದೆ, ಅದೇ ಕ್ಷಣ ಫ್ರಿಜ್‌ನ ಕಂಪ್ರೆಸರ್ ಶುರುವಾದರೆ ಬೇಡಿಕೆ ಜಿಗಿಯುತ್ತದೆ. ಈ ಏರಿಳಿತವನ್ನು ನುಂಗಿಕೊಳ್ಳಲು ಲೈನಾದರೂ ಇರಬೇಕು, ಬ್ಯಾಟರಿಯಾದರೂ ಇರಬೇಕು. ಬಿಸಿಲಿರುವಾಗ ಬ್ಯಾಟರಿ ಇಲ್ಲದೆಯೇ ಸ್ವಲ್ಪ ಲೋಡ್ ನಡೆಸುವ ಇನ್ವರ್ಟರ್‌ಗಳೂ ಜಗತ್ತಿನಲ್ಲಿವೆ. ಎಸ್‌ಎಂಎ ಕಂಪನಿ ಅಮೆರಿಕದ ಮಾರುಕಟ್ಟೆಗೆ ಹಗಲಲ್ಲಿ ಮಾತ್ರ ಕೆಲಸ ಮಾಡುವ ಒಂದು ಸಾಕೆಟ್ ಇರುವ ಇನ್ವರ್ಟರ್ ತಂದಿತ್ತು, ಎನ್‌ಫೇಸ್ 2021ರಲ್ಲಿ ಅದೇ ಬಗೆಯ ಮೈಕ್ರೋ ಇನ್ವರ್ಟರ್ ಬಿಡುಗಡೆ ಮಾಡಿತು. ನಮ್ಮಲ್ಲಿ ಸಬ್ಸಿಡಿಯಲ್ಲಿ ಮನೆಗಳಿಗೆ ಬರುವ ಸಾಮಾನ್ಯ ಇನ್ವರ್ಟರ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ.

ಲೈನ್ ಪೂರ್ತಿ ಹೋಗಬೇಕೆಂದೂ ಇಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದಂತೆ ವೋಲ್ಟೇಜ್ 80ರಿಂದ 110 ಪ್ರತಿಶತದ ಗೆರೆ ದಾಟಿದರೆ, ಅಂದರೆ 184ಕ್ಕಿಂತ ಕೆಳಗೆ ಅಥವಾ 253ಕ್ಕಿಂತ ಮೇಲೆ ಹೋದರೆ, ಎರಡು ಸೆಕೆಂಡಿನೊಳಗೆ ಇನ್ವರ್ಟರ್ ಹೊರಬರಬೇಕು. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯುವ ಹಳ್ಳಿಯ ಲೈನಿನ ತುದಿಯ ಮನೆಗೆ ಇದೊಂದು ಪೆಟ್ಟು. ನಗರದಲ್ಲಿ ತದ್ವಿರುದ್ಧ ತೊಂದರೆ: ಒಂದೇ ಬೀದಿಯಲ್ಲಿ ಹತ್ತಾರು ತಾರಸಿಗಳು ನಡುಹಗಲಿಗೆ ಕರೆಂಟ್ ಹೊರಹಾಕಿದರೆ ವೋಲ್ಟೇಜ್ ಏರುತ್ತದೆ, ಒಳ್ಳೆಯ ಬಿಸಿಲಿನ ಹೊತ್ತಿಗೇ ಇನ್ವರ್ಟರ್ ನಿಂತುನಿಂತು ಶುರುವಾಗುತ್ತದೆ. ಉತ್ಪಾದನೆ ಏಕೆ ಕಡಿಮೆ ಎಂದು ತಲೆಕೆಡಿಸಿಕೊಳ್ಳುವವರು ಪ್ಯಾನೆಲ್ ಒರೆಸುವ ಮೊದಲು ಇನ್ವರ್ಟರ್‌ನ ಆ್ಯಪ್‌ನಲ್ಲಿ ವೋಲ್ಟೇಜ್ ನೋಡುವುದು ಮೇಲು.

ನಮ್ಮ ರಾಜ್ಯದ ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. ‘ನಿರ್ವಹಣಾ ಕಾಮಗಾರಿ ಇರುವುದರಿಂದ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ವಿದ್ಯುತ್ ವ್ಯತ್ಯಯ’ ಎಂಬ ಪ್ರಕಟಣೆ ಪತ್ರಿಕೆಯಲ್ಲಿ ನಿತ್ಯದ ಓದು. ಸೋಲಾರ್‌ನ ದಿನದ ಫಸಲಿನ ಬಹುಪಾಲು ಬರುವುದು ಸರಿಯಾಗಿ ಆ ಆರು ಗಂಟೆಗಳಲ್ಲೇ. ಹೀಗೆ ಲೈನ್ ಕಡಿದ ಒಂದೊಂದು ಹಗಲೂ ಬ್ಯಾಟರಿರಹಿತ ಮನೆಗೆ ಹತ್ತು ಯೂನಿಟ್‌ನ ನಷ್ಟ.

ಇದಕ್ಕೆ ದೊಡ್ಡ ಬ್ಯಾಟರಿಯೇ ಬೇಕೆಂದಿಲ್ಲ. ಕರ್ನಾಟಕದ ಮಧ್ಯಮ ವರ್ಗದ ಅನೇಕ ಮನೆಗಳಲ್ಲಿ ಯುಪಿಎಸ್ ಈಗಾಗಲೇ ಇದೆ. 150 ಆಂಪಿಯರ್ ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್, ಕೈಗೆ ಸಿಗುವುದು ಒಂದೂಕಾಲು ಯೂನಿಟ್‌ನಷ್ಟು. ನಾಲ್ಕು ದೀಪ, ವೈಫೈ ಮತ್ತು 30 ವ್ಯಾಟ್‌ನ ಹೊಸ ಬಗೆಯ ಫ್ಯಾನ್‌ಗಳನ್ನು ಅದು ಐದಾರು ಗಂಟೆ ನಡೆಸುತ್ತದೆ. ಬಿಲ್ಲಿಗೆ ಸೋಲಾರ್, ಕತ್ತಲೆಗೆ ಹಳೆಯ ಯುಪಿಎಸ್ ಎಂಬ ಜೋಡಿ ನಗರದ ಮನೆಗೆ ಸಾಕು. ಒಂದೇ ಎಚ್ಚರಿಕೆ: ಸೋಲಾರ್ ಇನ್ವರ್ಟರ್‌ನ ವೈರ್ ಮುಖ್ಯ ಬೋರ್ಡಿಗೆ ಸೇರಬೇಕು, ಯಾವ ಕಾರಣಕ್ಕೂ ಯುಪಿಎಸ್‌ನ ಹೊರದಾರಿಯ ಕಡೆಗಲ್ಲ. ಹಾಗೆ ಜೋಡಿಸಿದರೆ ಕರೆಂಟ್ ಹೋದಾಗ ಯುಪಿಎಸ್ಸನ್ನೇ ಲೈನ್ ಎಂದು ನಂಬಿ ಸೋಲಾರ್ ಅದರೊಳಕ್ಕೆ ನುಗ್ಗಬಹುದು. ಯುಪಿಎಸ್ ಸುಡುತ್ತದೆ, ಕೆಲವೊಮ್ಮೆ ಅಷ್ಟಕ್ಕೇ ನಿಲ್ಲುವುದಿಲ್ಲ.

ಖರ್ಚು, ಸಬ್ಸಿಡಿ, ಉಳಿತಾಯ

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ 2026-27ರೊಳಗೆ ಒಂದು ಕೋಟಿ ಮನೆ, ಮೀಸಲಿಟ್ಟ ಹಣ 75,021 ಕೋಟಿ ರೂಪಾಯಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಬ್ಸಿಡಿ ಅಷ್ಟೇ. ಪ್ಯಾನೆಲ್ ದೇಶದಲ್ಲೇ ತಯಾರಾದದ್ದಾಗಿರಬೇಕು, ಹಾಕಿಕೊಟ್ಟವರು ಐದು ವರ್ಷ ನಿರ್ವಹಣೆ ಮಾಡಬೇಕು. ಸಬ್ಸಿಡಿ ಸಿಗುವುದು ಲೈನಿಗೆ ಜೋಡಿಸಿದ ವ್ಯವಸ್ಥೆಗೆ. ಬ್ಯಾಟರಿಯ ಖರ್ಚು ಪೂರ್ತಿ ಮನೆಯವರದೇ.

ಮೂರು ಕಿಲೋವ್ಯಾಟ್‌ಗೆ ಮಾರುಕಟ್ಟೆಯಲ್ಲಿ ಎರಡು ಲಕ್ಷ ರೂಪಾಯಿ ಹಿಡಿದರೆ, ಸಬ್ಸಿಡಿ ಕಳೆದು ಕೈಯಿಂದ ಹೋಗುವುದು ಸುಮಾರು 1.22 ಲಕ್ಷ. 2025-26ರ ದರದಂತೆ ಮನೆ ಬಳಕೆಯ ಯೂನಿಟ್ಟಿಗೆ 5.80 ರೂಪಾಯಿ, ನೌಕರರ ಪಿಂಚಣಿಯ ಹೆಸರಿನ 36 ಪೈಸೆ, ಮೇಲೆ ಶೇ 9ರ ತೆರಿಗೆ. ಎಲ್ಲ ಸೇರಿ ಆರೂವರೆ ರೂಪಾಯಿಯ ಆಸುಪಾಸು. ತಿಂಗಳಿಗೆ 350 ಯೂನಿಟ್ ಉಳಿಸಿದ ಮನೆಗೆ ವರ್ಷಕ್ಕೆ ಸುಮಾರು ಇಪ್ಪತ್ತೇಳು ಸಾವಿರ ರೂಪಾಯಿ ಮಿಗುತ್ತದೆ. ಐದು ವರ್ಷದೊಳಗೆ ಹಾಕಿದ ಹಣ ಹಿಂದಕ್ಕೆ ಬಂದು, ಆಮೇಲಿನ ಇಪ್ಪತ್ತು ವರ್ಷ ಲಾಭ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚನ್ನು ಮಾತ್ರ ಎತ್ತಿಡಬೇಕು.

ಇದೇ ಮನೆ ರಾತ್ರಿಗೂ ಸಾಲುವಂತೆ ಲಿಥಿಯಂ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಹಾಕಿಸಿದರೆ ಖರ್ಚಿಗೆ ಲಕ್ಷಕ್ಕೂ ಮೀರಿದ ಮೊತ್ತ ಸೇರುತ್ತದೆ. ಉಳಿತಾಯ ಮಾತ್ರ ಒಂದು ರೂಪಾಯಿಯೂ ಹೆಚ್ಚುವುದಿಲ್ಲ, ಏಕೆಂದರೆ ಒಂದು ಯೂನಿಟ್ ಕೊಟ್ಟು ಒಂದು ಯೂನಿಟ್ ಪಡೆಯುವ ಕೆಲಸವನ್ನು ಲೈನ್ ಬಿಟ್ಟಿಯಾಗಿಯೇ ಮಾಡಿಕೊಡುತ್ತಿದೆ. ಬ್ಯಾಟರಿಗೆ ತುಂಬಿ ತೆಗೆಯುವಾಗ ಹತ್ತರಲ್ಲೊಂದು ಪಾಲು ಸೋರಿಹೋಗುವುದು ಬೇರೆ. ಇಂದಿನ ನಿಯಮ ಇರುವವರೆಗೆ ಬ್ಯಾಟರಿ ಕೊಡುವುದು ನೆಮ್ಮದಿ, ಹಣವಲ್ಲ.

ಆದರೆ ಈ ಲೆಕ್ಕದಲ್ಲಿ ಎರಡು ಬಿರುಕುಗಳಿವೆ. ಒಂದು, ಬಿಲ್ಲಿನ ನಿಗದಿತ ಶುಲ್ಕ. ಅದು ಮಂಜೂರಾದ ಲೋಡಿನ ಮೇಲೆ ನಿಲ್ಲುತ್ತದೆ, ಸೋಲಾರ್ ಅದನ್ನು ಮುಟ್ಟಲಾರದು. ಮನೆ ಬಳಕೆಗೆ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿದ ಅದೇ ಆದೇಶದಲ್ಲಿ ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 120ರಿಂದ 145 ರೂಪಾಯಿಗೆ ಏರಿತು. ಸೋಲಾರ್ ಇಲ್ಲದವರು ಇದನ್ನು ಗಮನಿಸದೆ ಬಿಡಬಹುದು. ಇರುವವರಿಗೆ ಎರಡೂ ಕಡೆಯಿಂದ ನಷ್ಟ: ಉಳಿಸಿದ ಯೂನಿಟ್ಟಿನ ಬೆಲೆ ಇಳಿಯಿತು, ಉಳಿಸಲಾಗದ ಮೊತ್ತ ಏರಿತು. ಇನ್ನೊಂದು, ಗಾತ್ರದ ಆಸೆ. ಬಳಕೆಗಿಂತ ಹೆಚ್ಚು ಹುಟ್ಟಿದ ಯೂನಿಟ್ಟಿಗೆ ಸಿಗುವುದು ಕೆಇಆರ್‌ಸಿ ದರ, ಅದು ಕೊಳ್ಳುವ ದರಕ್ಕಿಂತ ಕಡಿಮೆ. ಹಾಗಾಗಿ ‘ಜಾಗವಿದೆ, ಐದು ಕಿಲೋವ್ಯಾಟ್ ಹಾಕಿಬಿಡಿ’ ಎನ್ನುವ ಏಜೆಂಟನ ಮಾತಿಗಿಂತ ಹನ್ನೆರಡು ತಿಂಗಳ ಹಳೆಯ ಬಿಲ್ಲುಗಳ ಮಾತು ಕೇಳಬೇಕು.

ಎತ್ತು ಏರಿಗೆ, ಕೋಣ ನೀರಿಗೆ

ಪಿಎಂ ಸೂರ್ಯಘರ್‌ನಲ್ಲಿ ಗುಜರಾತ್, ಮಹಾರಾಷ್ಟ್ರ, ಕೇರಳ ಮುಂದಿವೆ. ಪಾವಗಡದ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಕಟ್ಟಿದ ಕರ್ನಾಟಕ, ಮನೆಯ ತಾರಸಿಯ ವಿಷಯದಲ್ಲಿ ಹಿಂದುಳಿದಿದೆ. ಕಾರಣಗಳಲ್ಲಿ ದೊಡ್ಡದು ಗೃಹಜ್ಯೋತಿ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ವಿದ್ಯುತ್ ಉಚಿತವಾಗಿ ಕೊಡುತ್ತದೆ. ಸರಾಸರಿ 120 ಯೂನಿಟ್‌ನ ಮನೆಗೆ 132 ಉಚಿತ. ಅಲ್ಲಿಗೆ ಬಿಲ್ ಸೊನ್ನೆ. ಸೊನ್ನೆ ಬಿಲ್ಲನ್ನು ಇಳಿಸಲು ಲಕ್ಷ ರೂಪಾಯಿ ಹಾಕುವವರು ಯಾರು?

ಎರಡೂ ಯೋಜನೆಗಳ ಉದ್ದೇಶ ಒಳ್ಳೆಯದೇ. ಒಂದು ಮನೆಯ ಖರ್ಚು ಇಂದೇ ಇಳಿಸುತ್ತದೆ, ಇನ್ನೊಂದು ಇಪ್ಪತ್ತೈದು ವರ್ಷಕ್ಕೆ ಇಳಿಸುತ್ತದೆ. ಆದರೆ ಒಂದೇ ಮನೆಯನ್ನು ಎರಡು ದಿಕ್ಕಿಗೆ ಎಳೆಯುತ್ತಿವೆ. ಉಚಿತ ಯೂನಿಟ್ಟಿಗೆ ಪ್ರತಿವರ್ಷ ಸುರಿಯುವ ಹಣದ ಒಂದು ಪಾಲನ್ನು ಬಡ ಮನೆಯ ತಾರಸಿಯ ಮೇಲೆ ಒಂದು ಕಿಲೋವ್ಯಾಟ್ ಕೂರಿಸಲು ಬಳಸಿದರೆ ಸರಕಾರದ ಹೊರೆಯೂ ಕ್ರಮೇಣ ಇಳಿಯುತ್ತಿತ್ತು. ಈ ಎರಡನ್ನೂ ಹೊಂದಿಸುವ ಕೆಲಸ ಆಗಬೇಕಿದೆ. ಅಲ್ಲಿಯವರೆಗೆ ಗೃಹಜ್ಯೋತಿಯಲ್ಲಿರುವ ಮನೆಯವರು ಸೋಲಾರ್‌ಗೆ ಅರ್ಜಿ ಹಾಕುವ ಮೊದಲು ಉಪವಿಭಾಗದ ಕಚೇರಿಗೆ ಆರ್‌ಆರ್ ನಂಬರ್ ಹಿಡಿದು ಹೋಗಿ, ಎರಡೂ ಹೇಗೆ ಕೂಡುತ್ತವೆ ಎಂಬುದನ್ನು ಲಿಖಿತವಾಗಿ ಪಡೆಯುವುದು ಒಳ್ಳೆಯದು.

ಕೇಂದ್ರದ 2024ರ ತಿದ್ದುಪಡಿ ಒಂದು ಅಡ್ಡಿಯನ್ನಂತೂ ತೆಗೆದಿದೆ. ಹತ್ತು ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯ ನೆಪ ಹೇಳುವಂತಿಲ್ಲ, ಅರ್ಜಿ ಒಪ್ಪಿಗೆಯಾಯಿತೆಂದೇ ಲೆಕ್ಕ. ಆದರೆ ತಾರಸಿಯೇ ತಮ್ಮದಲ್ಲದವರ ಕತೆ ಬೇರೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟ ಬೆಂಗಳೂರಿನ ಮನೆಯಲ್ಲಿ ಮೀಟರ್ ನಾಲ್ಕು, ತಾರಸಿ ಒಂದು. ಅದರಲ್ಲೂ ಅರ್ಧ ಜಾಗ ನೀರಿನ ಟ್ಯಾಂಕ್ ಮತ್ತು ಸೋಲಾರ್ ವಾಟರ್ ಹೀಟರ್‌ನದು. ಅಪಾರ್ಟ್‌ಮೆಂಟಿನವರ ಪಾಡು ಇನ್ನೂ ಕಷ್ಟ. ಒಂದು ತಾರಸಿಯ ಉತ್ಪಾದನೆಯನ್ನು ಹಲವು ಮೀಟರ್‌ಗಳಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿ 2019ರಲ್ಲೇ ದಾರಿ ಮಾಡಿತ್ತು. ಬೆಂಗಳೂರಿನಂಥ ಬಾಡಿಗೆ ಊರಿಗೆ ಸಬ್ಸಿಡಿಗಿಂತ ಹೆಚ್ಚು ಬೇಕಾದದ್ದು ಅದು ಸಲೀಸಾಗಿ ನಡೆಯುವುದು.

ಊರಿಗೊಂದು ಉತ್ತರ

ಬಿಸಿಲು ಎಲ್ಲರಿಗೂ ಒಂದೇ ಎನ್ನುವುದು ಅರ್ಧ ಸತ್ಯ. ರಾಯಚೂರು, ಕಲಬುರಗಿಗಳಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಸೆಕೆಯಲ್ಲ. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇ 0.35ರ ಸುಮಾರಿಗೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಹನ್ನೆರಡು ಪ್ರತಿಶತ ಹೋಯಿತು. ಪ್ಯಾನೆಲ್ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡುವುದು ಇದಕ್ಕೇ. ಧೂಳು ಅಲ್ಲಿನ ಇನ್ನೊಂದು ಕಾಟ. ತೊಳೆಯಲು ಬೋರ್‌ವೆಲ್ಲಿನ ಗಡಸು ನೀರು ಬಳಸಿದರೆ ಬಿಳಿ ಕಲೆ ಕೂತು ಧೂಳಿಗಿಂತ ಹೆಚ್ಚು ಬೆಳಕು ತಡೆಯುತ್ತದೆ.

ಕರಾವಳಿಯಲ್ಲಿ ಉಪ್ಪುಗಾಳಿ ಸ್ಟ್ಯಾಂಡಿನ ಕಬ್ಬಿಣ ತಿನ್ನುತ್ತದೆ, ಸತು ಲೇಪನದ ದಪ್ಪ ನೋಡಿಯೇ ಕೊಳ್ಳಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದ ಮುಸುಕು, ಮನೆಯ ಸುತ್ತ ಅಡಿಕೆ ತೆಂಗಿನ ನೆರಳು, ಮೇಲೆ ಮಂಗಗಳ ಓಡಾಟ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಲೈನ್ ಇಲ್ಲದಿರುವುದು ಅಲ್ಲಿ ಸಾಮಾನ್ಯ ಸಂಗತಿ. ಅಂಥ ಒಂಟಿಮನೆಗೆ ಬ್ಯಾಟರಿ ಇಲ್ಲದ ಸೋಲಾರ್ ಸಲಹೆ ಮಾಡುವುದು ತಪ್ಪು. ಅವರಿಗೆ ಮೂವತ್ತು ವರ್ಷದ ಹಿಂದಿನ ಉತ್ತರವೇ ಇಂದಿಗೂ ಸರಿ. ಬದಲಾದದ್ದೆಂದರೆ ಸೀಸದ ಜಾಗಕ್ಕೆ ಸಾವಿರಾರು ಸಲ ತುಂಬಿ ಬಸಿಯಬಲ್ಲ ಲಿಥಿಯಂ ಐರನ್ ಫಾಸ್ಫೇಟ್ ಬಂದಿದೆ.

ಎಲ್ಲ ಊರಿಗೂ ಸಲ್ಲುವ ಕೆಲವು ಮಾತು: ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಹದಿಮೂರರಿಂದ ಹದಿನೇಳು ಡಿಗ್ರಿ ಓರೆಯಾಗಿರಲಿ. ಸಿಡಿಲಿನ ನಾಡು ನಮ್ಮದು, ಡಿಸಿ ಕಡೆಗೆ, ಎಸಿ ಕಡೆಗೆ, ಸಿಡಿಲು ತಡೆಗೆ ಮೂರು ಪ್ರತ್ಯೇಕ ಅರ್ಥಿಂಗ್ ಇರಲೇಬೇಕು. ತಾರಸಿಗೆ ರಂಧ್ರ ಕೊರೆದರೆ ಮಳೆಗಾಲದಲ್ಲಿ ಸೋರುತ್ತದೆ, ಕಾಂಕ್ರೀಟ್ ದಿಂಡಿನ ಭಾರದ ಮೇಲೆ ನಿಲ್ಲಿಸುವುದು ಮೇಲು. ಪಕ್ಕದ ಸೈಟು ಖಾಲಿಯಿದ್ದರೆ ನಾಳೆ ಅಲ್ಲಿ ಏಳುವ ಕಟ್ಟಡದ ನೆರಳನ್ನೂ ಇಂದೇ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲದ ಬ್ಯಾಟರಿ ಎಲ್ಲಿದೆ?

ಮನೆಯಲ್ಲಿ ಬ್ಯಾಟರಿ ಬಿಟ್ಟರೆ ಆ ಕೆಲಸವೇ ಇಲ್ಲವಾಗುವುದಿಲ್ಲ. ಸಂಜೆ ಏಳಕ್ಕೆ ಸೋಲಾರ್ ಮನೆಯ ದೀಪವನ್ನೂ ಉರಿಸುವುದು ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು. 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರವನ್ನು ಬೇಕಾದಾಗ ಏರಿಸಿ ಬೇಡವಾದಾಗ ಇಳಿಸಬಹುದು. ಹಗಲಿನ ಸೋಲಾರನ್ನು ರಾಜ್ಯ ಇಷ್ಟರಮಟ್ಟಿಗೆ ಅರಗಿಸಿಕೊಂಡಿರುವುದಕ್ಕೆ ಈ ಜಲವಿದ್ಯುತ್ತು ದೊಡ್ಡ ಆಸರೆ. ಆದರೆ ರಾಜ್ಯದ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿದ ಮೇಲೆ ಇರುವ ನೀರು ಸಾಲದು. ಹಗಲಿನ ಅಗ್ಗದ ಕರೆಂಟಿನಿಂದ ಗೇರುಸೊಪ್ಪ ಜಲಾಶಯದ ನೀರನ್ನು ತಲಕಳಲೆ ಜಲಾಶಯಕ್ಕೆ ಹಿಂದಕ್ಕೆ ಎತ್ತಿ, ಸಂಜೆ ಬಿಡುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದೆ ಬಂದದ್ದು ಇದಕ್ಕೆ. ಅದರ ದಾರಿಯಲ್ಲಿ ಸಿಂಗಳೀಕಗಳ ಕಾಡಿದೆ, ಮಲೆನಾಡಿನ ಜನರ ವಿರೋಧವಿದೆ. ಬೆಂಗಳೂರಿನ ತಾರಸಿಯ ಮೇಲೆ ಹಾಕಿಸದ ಬ್ಯಾಟರಿಯ ಬೆಲೆಯಲ್ಲಿ ಒಂದು ಪಾಲನ್ನು ಶರಾವತಿ ಕಣಿವೆಯಲ್ಲಿ ಕೇಳಲಾಗುತ್ತಿದೆ ಎಂದರೆ ಅತಿಶಯವಾಗದು.

ವಿದ್ಯುತ್ ಕಂಪನಿಗಳ ದೂರೂ ಇಲ್ಲಿಯೇ ಹುಟ್ಟುತ್ತದೆ. ಕಂಬ, ತಂತಿ, ಟಿಸಿ, ಸಿಬ್ಬಂದಿ ಸೋಲಾರ್ ಮನೆಗೂ ಬೇಕು. ಅವರ ಬಿಲ್ ಸೊನ್ನೆಯಾದರೆ ಆ ಖರ್ಚು ತಾರಸಿ ಇಲ್ಲದವರ ತಲೆಗೆ ಬರುತ್ತದೆ. ವಾದದಲ್ಲಿ ಹುರುಳಿದೆ. ಆದರೆ ನಡುಹಗಲು ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ಖರ್ಚಾಗುವ ಕರೆಂಟ್ ದೂರದಿಂದ ಸಾಗಿಸುವಾಗಿನ ಸೋರಿಕೆಯನ್ನು ಉಳಿಸುತ್ತದೆ, ಒಂದು ಎಕರೆ ಜಮೀನನ್ನೂ ಕೇಳುವುದಿಲ್ಲ ಎಂಬುದನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು.

ಈ ಜಗಳ ಎತ್ತ ಹೋಗಬಹುದೆಂಬುದಕ್ಕೆ ಹೊರಗಿನ ನಿದರ್ಶನಗಳಿವೆ. ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಿಂದ ಹೊಸ ತಾರಸಿಗಳು ಹೊರಕಳಿಸುವ ಯೂನಿಟ್ಟಿನ ಬೆಲೆಯನ್ನು ಸುಮಾರು ಮುಕ್ಕಾಲು ಪಾಲು ಕತ್ತರಿಸಿತು. ಬ್ಯಾಟರಿ ಇಲ್ಲದ ಸೋಲಾರ್ ಅಲ್ಲಿ ರಾತ್ರೋರಾತ್ರಿ ಹಿಂದೆ ಬಿತ್ತು, ಬ್ಯಾಟರಿಯ ಮಾರಾಟ ಏರಿತು. ಪಕ್ಕದ ಕೇರಳದಲ್ಲಿ 2025ರಲ್ಲಿ ನೆಟ್ ಮೀಟರಿಂಗ್ ಮಿತಿಯನ್ನು ಮೂರು ಕಿಲೋವ್ಯಾಟ್‌ಗೆ ಇಳಿಸುವ ಕರಡು ಪ್ರಸ್ತಾವ ಗದ್ದಲ ಎಬ್ಬಿಸಿತು. ಕೇಂದ್ರದ 2023ರ ನಿಯಮ ಹಗಲಿನ ಸೌರ ಗಂಟೆಗಳಲ್ಲಿ ದರ ಶೇ 10ರಿಂದ 20ರಷ್ಟು ಕಡಿಮೆ, ಸಂಜೆಯ ಒತ್ತಡದ ಹೊತ್ತಿನಲ್ಲಿ ಅಷ್ಟೇ ಹೆಚ್ಚು ಇರಬೇಕೆಂದು ಹೇಳಿದೆ. ಸ್ಮಾರ್ಟ್ ಮೀಟರ್ ಬಂದ ಮನೆಗಳಿಗೆಲ್ಲ ಇದು ಒಂದಲ್ಲ ಒಂದು ದಿನ ತಗುಲುತ್ತದೆ. ಹಗಲಿನ ಒಂದು ಯೂನಿಟ್ ರಾತ್ರಿಯ ಒಂದು ಯೂನಿಟ್ಟಿಗೆ ಸಮ ಎಂಬ ಇಂದಿನ ಔದಾರ್ಯ ಅಂದು ಉಳಿಯುವುದಿಲ್ಲ. ಆಗ ವಾಷಿಂಗ್ ಮೆಷಿನ್, ಮೋಟಾರ್, ಇಸ್ತ್ರಿ ನಡುಹಗಲಿಗೆ ಸರಿಯಬೇಕಾಗುತ್ತದೆ, ಬ್ಯಾಟರಿಯ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ.

ಹಾಗಾದರೆ ಏನು ಮಾಡಬೇಕು?

ತಿಂಗಳಿಗೆ 200 ಯೂನಿಟ್ ದಾಟುವ, ಸ್ವಂತ ತಾರಸಿಯಿರುವ, ಲೈನ್ ಹೆಚ್ಚು ಕೈಕೊಡದ ಊರಿನ ಮನೆ ಇಂದು ಬ್ಯಾಟರಿ ಇಲ್ಲದೆಯೇ ಸೋಲಾರ್ ಹಾಕಿಸುವುದು ಜಾಣತನ. ಗಾತ್ರ ಬಳಕೆಗೆ ತಕ್ಕಷ್ಟಿರಲಿ, ಕತ್ತಲೆಗೆ ಇರುವ ಯುಪಿಎಸ್ ಇರಲಿ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲದಿದ್ದರೆ ಮುಂದೆ ಬ್ಯಾಟರಿ ಸೇರಿಸಬಹುದಾದ ಇನ್ವರ್ಟರ್ ಆರಿಸಿಕೊಂಡರೆ ದಾರಿ ತೆರೆದಿರುತ್ತದೆ. ಗೃಹಜ್ಯೋತಿಯ ಸೊನ್ನೆ ಬಿಲ್ಲಿನ ಮನೆಗೆ ಹಣದ ದೃಷ್ಟಿಯಿಂದ ಇದು ಅವಸರದ ಕೆಲಸವಲ್ಲ. ಲೈನ್ ನಂಬಲಾಗದ ಮಲೆನಾಡಿನ ಮನೆಗೆ ಬ್ಯಾಟರಿಯಿಲ್ಲದ ವ್ಯವಸ್ಥೆ ಬೇಡ.

ಸರಕಾರ ಮತ್ತು ಆಯೋಗ ಮಾಡಬೇಕಾದದ್ದೂ ಇದೆ. ಕರೆಂಟ್ ಹೋದಾಗ ಈ ಸೋಲಾರ್ ಕೆಲಸ ಮಾಡುವುದಿಲ್ಲ ಎಂಬ ಸಾಲು ಪ್ರತಿಯೊಂದು ಕೊಟೇಶನ್ನಿನಲ್ಲೂ ಕನ್ನಡದಲ್ಲಿ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ಇರಬೇಕು. ರಾತ್ರಿಯ ಹೊಣೆಗೆ ಮನೆಮನೆಗೂ ಒಂದು ಬ್ಯಾಟರಿ ಎನ್ನುವುದಕ್ಕಿಂತ ಟಿಸಿ ಮಟ್ಟದಲ್ಲಿ ಬೀದಿಗೊಂದು ಬ್ಯಾಟರಿ ಇಡುವುದು ಅಗ್ಗವಾಗಬಹುದು, ಬಾಡಿಗೆಯವರಿಗೂ ಅದರ ಪಾಲು ಸಿಗುತ್ತದೆ, ಏರುವ ವೋಲ್ಟೇಜಿಗೂ ಅದು ಮದ್ದು. ನಿಯಮ ಬದಲಿಸುವುದಿದ್ದರೆ ವರ್ಷಗಳ ಮುಂಚೆ ಹೇಳಿ ಬದಲಿಸಲಿ. 9.56ರಿಂದ ಶುರುವಾದ ದರ ಹತ್ತು ವರ್ಷದಲ್ಲಿ ಎಲ್ಲಿಗೆ ಇಳಿಯಿತೆಂದು ಕಂಡವರು ಮುಂದಿನ ಹತ್ತು ವರ್ಷವನ್ನು ಅಳುಕಿನಿಂದಲೇ ನೋಡುತ್ತಾರೆ. ಇಪ್ಪತ್ತೈದು ವರ್ಷ ಬಾಳುವ ವಸ್ತುವಿಗೆ ಮಧ್ಯಮ ವರ್ಗದ ಮನೆ ತನ್ನ ಉಳಿತಾಯ ಹಾಕುವುದು ಬಿಸಿಲಿನ ಭರವಸೆಯ ಮೇಲಷ್ಟೇ ಅಲ್ಲ, ಆದೇಶದ ಭರವಸೆಯ ಮೇಲೂ. ಬಿಸಿಲು ಇದುವರೆಗೆ ಮಾತು ತಪ್ಪಿಲ್ಲ. ಆದೇಶಗಳೂ ಅಷ್ಟೇ ನಂಬಿಕೆ ಗಳಿಸಿದರೆ ಬ್ಯಾಟರಿ ಇಲ್ಲದ ತಾರಸಿಗಳು ತಾವಾಗಿಯೇ ಹೆಚ್ಚುತ್ತವೆ.